ಹರಿಹರದ ಹೊಳೆಯಿಂದ ಬೆಂಕಿಯ ದ್ವೀಪಕ್ಕೆ

ಹರಿಹರದಲ್ಲಿ ತುಂಗಭದ್ರೆಯನ್ನು ಯಾರೂ ಪೂರ್ತಿ ಹೆಸರು ಹಿಡಿದು ಕರೆಯುವುದಿಲ್ಲ. ಹೊಳೆ ಎಂದರೆ ಆಯಿತು. 1868ರಲ್ಲಿ ಕಟ್ಟಿದ ಹಳೆಯ ಸೇತುವೆಯ ಕೆಳಗೆ ಬೇಸಿಗೆಯಲ್ಲಿ ಆ ಹೊಳೆ ಎಷ್ಟು ಬಡವಾಗುತ್ತದೆಂದರೆ, ಮಳೆಗಾಲದಲ್ಲಿ ನೋಡಿದವರು ಇದೇ ಅದು ಎಂದು ನಂಬುವುದು ಕಷ್ಟ. ಮೊಳಕಾಲುದ್ದ ನೀರು, ನಡುನಡುವೆ ಬಂಡೆ, ದಂಡೆಯಲ್ಲಿ ಒಗೆದ ಬಟ್ಟೆ. ಪರೀಕ್ಷೆ ಮುಗಿಸಿದ ಹುಡುಗರಿಗೆ ಇದಕ್ಕಿಂತ ದೊಡ್ಡ ಆಹ್ವಾನ ಬೇಕೆ?

1993ರ ಬೇಸಿಗೆ ರಜೆಯಲ್ಲಿ ಇಂಥದೊಂದು ಮಧ್ಯಾಹ್ನ ಹದಿನಾರು ವರ್ಷದ ಹುಡುಗನೊಬ್ಬ ಹೊಳೆಗಿಳಿದು ಮರಳು ತೆಗೆದ ಗುಂಡಿಗೆ ಜಾರಿದ. ಜೊತೆಗೆ ನಾಲ್ವರು ಗೆಳೆಯರಿದ್ದರು. ನಾಲ್ವರೂ ಆಚೆ ದಂಡೆಯಲ್ಲಿ ಯಾವುದೋ ಮಾತಿನಲ್ಲಿ ಮುಳುಗಿದ್ದರು. ಅವನು ಕಾಣುತ್ತಿಲ್ಲವೆಂದು ಅವರಿಗೆ ಹೊಳೆದದ್ದು ಎಷ್ಟು ಹೊತ್ತಿನ ಮೇಲೆ ಎಂಬುದು ಕೊನೆಗೂ ಯಾರಿಗೂ ತಿಳಿಯಲಿಲ್ಲ. ಅವನ ತಂಗಿಗೆ ಆಗ ಹದಿಮೂರು. ಅಂದಿನಿಂದ ಆಕೆ ಹೊಳೆಗೆ ಇಳಿದವಳಲ್ಲ. ಮದುವೆಯಾಗಿ ಅದೇ ಊರಿನಲ್ಲಿ ಉಳಿದರೂ ಹರಿಹರೇಶ್ವರನ ದರ್ಶನ ಮುಗಿಸಿ ನೇರ ಮನೆಗೆ ಬರುತ್ತಿದ್ದಳೇ ಹೊರತು ಹೊಳೆಯ ಕಡೆಗೆ ಹೆಜ್ಜೆ ಹಾಕುತ್ತಿರಲಿಲ್ಲ.

ಆಕೆಯ ಮಗಳು ಸಮುದ್ರದೊಳಗಿನ ಬೆಂಕಿಬೆಟ್ಟ ನೋಡಲು ಹೋಗುತ್ತೇನೆ ಎಂದಾಗ ಮನೆಯಲ್ಲಿ ಏನಾಗಿರಬಹುದು ಎಂಬುದನ್ನು ವಿವರಿಸಬೇಕಾಗಿಲ್ಲ.

ಮಗಳು ಈಜು ಕಲಿತದ್ದೇ ಒಂದು ಕಳ್ಳತನ. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜಿಗೆ ಹದಿನಾಲ್ಕು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿಬರುತ್ತಿದ್ದಾಗ, ಬೆಳಿಗ್ಗೆ ಒಂದು ಬಸ್ಸು ಮುಂಚೆ ಹೊರಟು ಅಲ್ಲಿನ ಈಜುಕೊಳದಲ್ಲಿ ಕಲಿತಳು. ಶುಲ್ಕ ಕಟ್ಟಿದವನು ಅಪ್ಪ. ಒದ್ದೆ ಕೂದಲಿಗೆ ಕಾರಣ ಹುಡುಕಿಕೊಟ್ಟವನೂ ಅವನೇ. ಅಮ್ಮನಿಗೆ ಎಲ್ಲವೂ ಮೊದಲ ವಾರದಲ್ಲೇ ಗೊತ್ತಾಗಿತ್ತೆಂಬುದು ತಂದೆ-ಮಗಳಿಗೆ ತಿಳಿದದ್ದು ಬಹಳ ತಡವಾಗಿ.

ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, 2022ರ ಡಿಸೆಂಬರಿನಲ್ಲಿ, ಅವಳು ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ತರಬೇತಿ ಪಡೆದಳು. ನೇತ್ರಾಣಿ ಕರಾವಳಿಯಿಂದ ಇಪ್ಪತ್ತು ಕಿಲೋಮೀಟರಿಗೂ ತುಸು ಕಡಿಮೆ. ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು. ಅಷ್ಟಕ್ಕೆ ಮನೆಯವರು ಹೇಗೋ ಒಗ್ಗಿಕೊಂಡರು. ಆದರೆ ಮರುವರ್ಷ ಅವಳು ಹೇಳಿದ್ದು ಬೇರೆಯೇ ಸಂಗತಿ. ಅಂಡಮಾನಿನ ಪೋರ್ಟ್ ಬ್ಲೇರ್‌ನಿಂದ ಹೊರಡುವ ಲಿವ್‌ಅಬೋರ್ಡ್ ಪ್ರವಾಸ. ಎಂದರೆ ಊಟ, ನಿದ್ದೆ, ಸ್ನಾನ ಎಲ್ಲವೂ ದೋಣಿಯಲ್ಲೇ. ದಿನಕ್ಕೆ ಮೂರು ಸಲ ನೀರಿಗೆ ಇಳಿಯುವುದು, ಐದು ದಿನ ಭೂಮಿಯ ಮೇಲೆ ಕಾಲಿಡದಿರುವುದು. ಗುರಿ ಬ್ಯಾರನ್ ದ್ವೀಪ.

ಬ್ಯಾರನ್ ದ್ವೀಪ ಭಾರತದ ಏಕೈಕ ಜೀವಂತ ಜ್ವಾಲಾಮುಖಿ. ಪೋರ್ಟ್ ಬ್ಲೇರ್‌ನಿಂದ (2024ರ ಸೆಪ್ಟೆಂಬರಿನಿಂದ ಅದರ ಹೆಸರು ಶ್ರೀ ವಿಜಯಪುರಂ) ಸುಮಾರು 140 ಕಿಲೋಮೀಟರ್ ಈಶಾನ್ಯಕ್ಕೆ, ನಡುಗಡಲಿನಲ್ಲಿದೆ. ಅಗಲ ಸುಮಾರು ಮೂರು ಕಿಲೋಮೀಟರ್, ನೀರಿನ ಮೇಲಿನ ಎತ್ತರ ಸುಮಾರು 350 ಮೀಟರ್. ಇಷ್ಟೇ ಕೇಳಿದರೆ ಸಣ್ಣ ಗುಡ್ಡ ಅನ್ನಿಸುತ್ತದೆ. ಆದರೆ ಬೆಟ್ಟದ ಬುಡ ಇರುವುದು ಎರಡು ಸಾವಿರ ಮೀಟರಿಗೂ ಹೆಚ್ಚು ಆಳದ ಕಡಲತಳದಲ್ಲಿ. ಅಲ್ಲಿಂದ ಅಳೆದರೆ ಇದು ನಮ್ಮ ಮುಳ್ಳಯ್ಯನಗಿರಿಯನ್ನೂ ಮೀರಿದ ಪರ್ವತ. ಕಾಣುವುದು ನೆತ್ತಿ ಮಾತ್ರ. ಭಾರತ ಭೂಖಂಡವನ್ನು ಹೊತ್ತ ಶಿಲಾಫಲಕ ಪೂರ್ವದಲ್ಲಿ ಬರ್ಮಾ ಫಲಕದ ಕೆಳಗೆ ನುಸುಳುತ್ತಿರುವುದೇ ಈ ಬೆಂಕಿಗೆ ಮೂಲ. 2004ರ ಡಿಸೆಂಬರ್ 26ರ ಸುನಾಮಿಗೂ ಅದೇ ನುಸುಳಾಟ ಕಾರಣ. 1787ರಲ್ಲಿ ಇದು ಬೆಂಕಿ ಉಗುಳಿದ್ದನ್ನು ಹಡಗಿನವರು ದಾಖಲಿಸಿದ್ದಾರೆ. ಆಮೇಲೆ ನೂರೈವತ್ತು ವರ್ಷಕ್ಕೂ ಮಿಕ್ಕಿ ಮಲಗಿದ್ದ ಬೆಟ್ಟ 1991ರಲ್ಲಿ ಎದ್ದಿತು. ಎದ್ದದ್ದು ಮತ್ತೆ ಪೂರ್ತಿ ಮಲಗಿಲ್ಲ. ಅಲ್ಲಿ ಜನರಿಲ್ಲ, ಆದರೆ ಯಾವುದೋ ಕಾಲದಲ್ಲಿ ಹಡಗಿನವರು ಬಿಟ್ಟುಹೋದ ಆಡುಗಳ ಸಂತತಿ ಇದೆ.

"ಆಡು ಏನ್ ಕುಡೀತಾವೆ ಅಲ್ಲಿ?" ಎಂದು ಅಮ್ಮ ಕೇಳಿದಳು. ಸಿಹಿನೀರಿನ ಒರತೆ ಇವೆಯಂತೆ ಎಂದಳು ಮಗಳು. ಅಂದು ಆ ವಿಷಯ ಅಲ್ಲಿಗೇ ನಿಂತಿತು.

ಅಪ್ಪನನ್ನು ಒಲಿಸಿದ ರೀತಿ ಬೇರೆ. ಹರಿಹರದವರಿಗೆ ಲೇತ್ ಯಂತ್ರ ಹೊಸದಲ್ಲ. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದ ಮೂಲೆಮೂಲೆಗೂ ಹೋಗಿದ್ದವು. ಈ ಅಪ್ಪನಿಗೂ ಸಣ್ಣದೊಂದು ವರ್ಕ್‌ಶಾಪ್ ಇದೆ. ಕಂಪ್ರೆಸರ್, ಗೇಜು, ವಾಲ್ವು ಅವನ ದಿನನಿತ್ಯದ ಸಂಗಾತಿಗಳು. ಮಗಳು ಭಾವನೆಯ ಮಾತೇ ಆಡದೆ ಅವನ ಮುಂದೆ ಸಲಕರಣೆಯ ಚಿತ್ರಗಳನ್ನು ಹರಡಿದಳು. ಅವನ ಕಂಪ್ರೆಸರಿನ ಒತ್ತಡ ಏಳೆಂಟು ಬಾರ್. ಇಲ್ಲಿ ಸಿಲಿಂಡರಿನೊಳಗೆ 200 ಬಾರ್! ಅಪ್ಪನ ಕನ್ನಡಕ ಮೂಗಿನ ತುದಿಗೆ ಇಳಿಯಿತು. ಇಷ್ಟನ್ನು ನೇರ ಬಾಯಿಗೆ ಬಿಟ್ಟರೆ ಮನುಷ್ಯ ಉಳಿದಾನೆಯೇ? ಅದಕ್ಕೇ ರೆಗ್ಯುಲೇಟರು. ಅದು ಎರಡು ಹಂತದಲ್ಲಿ ಒತ್ತಡ ಇಳಿಸಿ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದಿಸಿ, ಉಸಿರೆಳೆದಾಗ ಮಾತ್ರ ಗಾಳಿ ಕೊಡುತ್ತದೆ.

ಆಮೇಲೆ ಅವನೇ ಕಾಗದ ತೆಗೆದುಕೊಂಡು ಲೆಕ್ಕಕ್ಕೆ ಕುಳಿತ. ಹನ್ನೊಂದು ಲೀಟರಿನ ಸಿಲಿಂಡರ್, 200 ಬಾರ್. ಎಂದರೆ 2200 ಲೀಟರ್ ಗಾಳಿ. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ಹತ್ತು ಮೀಟರ್ ಆಳದಲ್ಲಿ 40 ಬೇಕು, ಇಪ್ಪತ್ತು ಮೀಟರಿನಲ್ಲಿ 60. ಯಾಕೆಂದರೆ ಪ್ರತಿ ಹತ್ತು ಮೀಟರಿಗೆ ಒಂದು ವಾಯುಭಾರ ಹೆಚ್ಚುತ್ತದೆ. 50 ಬಾರ್ ಉಳಿದಿರುವಾಗಲೇ ಮೇಲೆ ಬಂದಿರಬೇಕು. ಪಿಯುಸಿಯಲ್ಲಿ ಬಾಯ್ಲನ ನಿಯಮವನ್ನು ಎರಡು ಅಂಕದ ಪ್ರಶ್ನೆಯಾಗಿ ಬಾಯಿಪಾಠ ಮಾಡಿದ್ದ ಹುಡುಗಿಗೆ ಅದು ಜೀವದ ಲೆಕ್ಕವೆಂದು ತಿಳಿದದ್ದು ನೇತ್ರಾಣಿಯಲ್ಲಿ. ಹತ್ತು ಮೀಟರ್ ಆಳದಲ್ಲಿ ತುಂಬಿಕೊಂಡ ಶ್ವಾಸವನ್ನು ಬಿಗಿಹಿಡಿದು ಮೇಲೆ ಬಂದರೆ ಅದು ಹಿಗ್ಗಿ ಎರಡರಷ್ಟಾಗುತ್ತದೆ, ಪುಪ್ಪುಸ ತಡೆಯುವುದಿಲ್ಲ. ಆದ್ದರಿಂದ ಮೊದಲ ಪಾಠ: ಉಸಿರು ಕಟ್ಟಬಾರದು. ಹೊಳೆಯ ಹುಡುಗರು ಪಂದ್ಯ ಕಟ್ಟುವುದು ಇದಕ್ಕೆ ತದ್ವಿರುದ್ಧವಾದ ವಿದ್ಯೆಯಲ್ಲಿ!

ಅಪ್ಪ ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಸಿಲಿಂಡರ್ ಟೆಸ್ಟ್ ಮಾಡಿದ ತಾರೀಖು ಒತ್ತಿರ್ತಾರಾ ಅದರ ಮ್ಯಾಲೆ?" ಒತ್ತಿರುತ್ತಾರೆ ಎಂದಾಗ ಅವನು ಒಪ್ಪಿದ.

ಅಮ್ಮ ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ರೊಟ್ಟಿ ತಟ್ಟುತ್ತಾ, ಮುಖ ತಿರುಗಿಸದೆಯೇ, "ಕೆಳಗ ಹೋದಾಗ ನಿನ್ನ ಯಾರು ನೋಡ್ತಿರ್ತಾರೆ?" ಎಂದಳು.

ಇದಕ್ಕೆ ಉತ್ತರವಿತ್ತು. ಡೈವಿಂಗಿನಲ್ಲಿ ಒಬ್ಬರೇ ಇಳಿಯುವಂತಿಲ್ಲ. ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ. ಇಳಿಯುವ ಮೊದಲು ಒಬ್ಬರ ಸಲಕರಣೆಯನ್ನು ಇನ್ನೊಬ್ಬರು ಪರೀಕ್ಷಿಸಬೇಕು. ಒಬ್ಬರ ಗಾಳಿ ಮುಗಿದರೆ ಇನ್ನೊಬ್ಬರ ಬಳಿ ಹೆಚ್ಚಿನ ನಳಿಕೆ ಇರುತ್ತದೆ. ನೀರಿನಲ್ಲಿ ಮಾತಿಲ್ಲ, ಕೈಸನ್ನೆಯೇ ಭಾಷೆ. ಹೆಬ್ಬೆರಳು ಎತ್ತಿದರೆ ಭೇಷ್ ಎಂದಲ್ಲ, ಮೇಲಕ್ಕೆ ಹೋಗೋಣ ಎಂದರ್ಥ. ಆ ಬೆರಳನ್ನು ಯಾರು ಬೇಕಾದರೂ, ಯಾವಾಗ ಬೇಕಾದರೂ ಎತ್ತಬಹುದು. ಎತ್ತಿದ ಮೇಲೆ ಇನ್ನೊಬ್ಬರು ಯಾಕೆಂದು ಕೇಳದೆ ಜೊತೆಯಲ್ಲೇ ಮೇಲೆ ಬರಬೇಕು.

ಅಮ್ಮ ರೊಟ್ಟಿ ಮಗುಚಿದಳು. "ಹಂಗಾದ್ರೆ ಆ ಬೆರಳು ಎತ್ತಾಕೆ ನಾಚಿಕೆ ಪಡಬ್ಯಾಡ."

2024ರ ಫೆಬ್ರುವರಿಯಲ್ಲಿ ಪ್ರಯಾಣ. ಅಮ್ಮ ಕಟ್ಟಿಕೊಟ್ಟ ದಾವಣಗೆರೆ ಮಂಡಕ್ಕಿ ಕಡಲಗಾಳಿಗೆ ಅರ್ಧ ದಿನದಲ್ಲಿ ಮೆತ್ತಗಾಯಿತು. ಆದರೂ ಖಾರದ ಪುಡಿಯ ದೆಸೆಯಿಂದ ದೋಣಿಯಲ್ಲಿ ಎಲ್ಲರೂ ಅದನ್ನು ಮುಗಿಸಿದರು. ಗಂಟೆಗೆ ಹದಿನೈದು ಕಿಲೋಮೀಟರ್ ವೇಗದ ದೋಣಿಗೆ ರಾತ್ರಿಯಿಡೀ ದಾರಿ. ಹನ್ನೆರಡು ಜನರಲ್ಲಿ ಅವಳೇ ಕಿರಿಯಳು. ಜೊತೆಗಾರ್ತಿಯಾಗಿ ಸಿಕ್ಕವರು ಪುಣೆಯ ನಿವೃತ್ತ ಬ್ಯಾಂಕ್ ಅಧಿಕಾರಿಣಿ, ಅರವತ್ತು ದಾಟಿದವರು. ಇವರನ್ನು ಈಕೆ ನೋಡಿಕೊಳ್ಳಬೇಕೋ, ಈಕೆಯನ್ನು ಇವರೋ ಎಂಬ ಅನುಮಾನ ಮೊದಲ ಡೈವಿನಲ್ಲೇ ಬಗೆಹರಿಯಿತು. ಆ ಹಿರಿಯಾಕೆ ನೀರಿನಲ್ಲಿ ಮೀನಿನಷ್ಟು ನಿರಾಳ.

ಬೆಳಗಿನ ಬೆಳಕಿನಲ್ಲಿ ದ್ವೀಪ ಕಂಡಿತು. ಹೊರಗೋಡೆಯ ಮೇಲೆ ಹಸಿರು. ಒಂದು ಕಡೆ ಗೋಡೆ ಒಡೆದು, ಒಳಗಿನಿಂದ ಕಪ್ಪು ಲಾವಾ ಸಮುದ್ರದವರೆಗೆ ಹರಿದು ಹೆಪ್ಪುಗಟ್ಟಿದೆ. ನೆತ್ತಿಯಲ್ಲಿ ಒಲೆ ಆರಿಸಿದ ಮೇಲಿನಷ್ಟು ಹೊಗೆ. ಅನುಮತಿಯಿಲ್ಲದೆ ದಡಕ್ಕೆ ಇಳಿಯುವಂತಿಲ್ಲ. ಇಳಿಯುವುದೇನಿದ್ದರೂ ನೀರಿಗೆ.

ನೀರಿನೊಳಗೆ ಮೊದಲು ಕಂಡದ್ದು ಕಪ್ಪು ಮರಳು. ಹೊಳೆಯ ಬಿಳಿ ಮರಳು ನೋಡಿ ಬೆಳೆದ ಕಣ್ಣಿಗೆ ಅದು ಸುಟ್ಟ ನೆಲದಂತೆ ಕಂಡಿತು. ಲಾವಾದ ಗೋಡೆ ನೇರ ಕೆಳಗಿಳಿದು ನೀಲಿಯಲ್ಲಿ ಕರಗುತ್ತದೆ. ಆದರೆ ಆ ಗೋಡೆ ಬರಿದಾಗಿರಲಿಲ್ಲ. ಬೆಂಕಿಯಾಗಿ ಬಂದ ಕಲ್ಲಿನ ಮೇಲೆ ಹವಳ ಬೆಳೆದಿತ್ತು, ಹವಳದ ಸಂದಿಗಳಲ್ಲಿ ಮೀನು. ಇದು ಪವಾಡವೇನಲ್ಲ. ಇಂಡೋನೇಷ್ಯಾದ ಬಾಂಡಾ ದ್ವೀಪಗಳಲ್ಲಿ 1988ರಲ್ಲಿ ಸಮುದ್ರಕ್ಕೆ ಹರಿದ ಲಾವಾದ ಮೇಲೆ ಐದೇ ವರ್ಷದಲ್ಲಿ ನೂರಕ್ಕೂ ಹೆಚ್ಚು ಬಗೆಯ ಹವಳಗಳು ನೆಲೆಸಿದ್ದನ್ನು ವಿಜ್ಞಾನಿಗಳು ಎಣಿಸಿದ್ದಾರೆ. ಹವಳದ ಮರಿಗಳಿಗೆ ಬೇಕಾದದ್ದು ಹಿಡಿದು ಕೂರಲು ಗಟ್ಟಿ, ಶುಚಿಯಾದ ಕಲ್ಲು. ಹೊಸ ಲಾವಾಕ್ಕಿಂತ ಶುಚಿಯಾದದ್ದು ಯಾವುದಿದೆ? ಹವಳವನ್ನು ಕೊಲ್ಲುತ್ತಿರುವುದು ಬೆಂಕಿಬೆಟ್ಟಕ್ಕಿಂತ ಹೆಚ್ಚಾಗಿ ಕಾಯುತ್ತಿರುವ ಕಡಲು. 2010ರಲ್ಲಿ ಅಂಡಮಾನಿನ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿದ್ದವು.

ಮೂರನೆಯ ದಿನ ಬೆಳಿಗ್ಗೆ ಮಾಂಟಾ ತಿರಂಡಿಗಳು ಬಂದಿವೆ ಎಂಬ ಸುದ್ದಿ. ರೆಕ್ಕೆಯಂತೆ ಮೈ ಬೀಸಿ ಈಜುವ, ಹಲವು ಮೀಟರ್ ಅಗಲದ ಮೀನುಗಳು. ಅವುಗಳಿಗಾಗಿಯೇ ಜನ ಇಷ್ಟು ದೂರ ಬರುವುದು. ಹುಡುಗಿಗೆ ಹಿಂದಿನ ರಾತ್ರಿಯಿಂದ ನೆಗಡಿ. ಇಳಿದಂತೆ ಕಿವಿಯ ಒಳಗಿನ ಗಾಳಿಯನ್ನು ಹೊರಗಿನ ಒತ್ತಡಕ್ಕೆ ಸಮ ಮಾಡಿಕೊಳ್ಳಬೇಕು. ಮೂಗು ಹಿಡಿದು ಮೆಲ್ಲಗೆ ಊದಿದರೆ ಕಿವಿ ಬಿಡುತ್ತದೆ. ಅಂದು ಬಿಡಲಿಲ್ಲ. ಐದು ಮೀಟರಿನಲ್ಲಿ ಸೂಜಿ ಚುಚ್ಚಿದಂತೆ ನೋವು. ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿದಳು. ಇಲ್ಲ. ಕೆಳಗೆ ಉಳಿದವರ ಗುಳ್ಳೆಗಳು ಕಾಣುತ್ತಿದ್ದವು. ಒತ್ತಿ ಇಳಿದರೆ ಕಿವಿತಮಟೆ ಹರಿಯಬಹುದು. ಆಸ್ಪತ್ರೆ ಒಂಬತ್ತು ಗಂಟೆಯ ದಾರಿ. ಇನ್ನೊಂದು ಮೀಟರ್ ಇಳಿದೇಬಿಡೋಣ ಎಂದು ಅರೆಗಳಿಗೆ ಅನ್ನಿಸಿದ್ದು ನಿಜ. ಎರಡು ವರ್ಷದ ಉಳಿತಾಯ ಕಣ್ಣೆದುರು ಇತ್ತು.

ಹೆಬ್ಬೆರಳು ಎತ್ತಿದಳು.

ಪುಣೆಯಾಕೆ ಕೆಳಗೊಮ್ಮೆಯೂ ನೋಡಲಿಲ್ಲ. ತಾವೂ ಹೆಬ್ಬೆರಳು ಎತ್ತಿ, ಅವಳ ತೋಳು ಹಿಡಿದು, ಗೇಜು ನೋಡುತ್ತಾ ನಿಧಾನವಾಗಿ ಮೇಲೆ ಬಂದರು. ದೋಣಿಯಲ್ಲಿ ಹುಡುಗಿ ಅತ್ತಳು; ಕ್ಷಮಿಸಿ ಎಂದಳು. ಅವರು ಟವೆಲ್ ಕೊಟ್ಟು ಚಹಾ ತರಿಸಿದರು. ಮುಕ್ಕಾಲು ಗಂಟೆಯ ಮೇಲೆ ಬಂದವರು ಆರು ಮಾಂಟಾಗಳ ವರ್ಣನೆ ಮಾಡುತ್ತಿದ್ದಾಗ ಇಬ್ಬರೂ ಕೇಳುತ್ತಾ ಕುಳಿತಿದ್ದರು. ಆ ದಿನ, ಮರುದಿನ ಹುಡುಗಿ ನೀರಿಗೆ ಇಳಿಯಲಿಲ್ಲ. ಮಾಂಟಾಗಳು ಮತ್ತೆ ಬರಲೂ ಇಲ್ಲ.

ಮನೆಗೆ ಬಂದು ಹೇಳುವಾಗ ಅವಳು ಕಪ್ಪು ಮರಳು, ಹವಳ, ಹೊಗೆ ಎಲ್ಲವನ್ನೂ ಹೇಳಿ ಇದನ್ನು ಸಂಕೋಚದಿಂದ ಕೊನೆಗೆ ಹೇಳಿದಳು. ಅಪ್ಪ ಕಿವಿಯ ಬಗ್ಗೆ ವಿಚಾರಿಸಿದ. ಅಮ್ಮ ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು:

"ಆಯಮ್ಮನೂ ಮ್ಯಾಲೆ ಬಂದ್ರಾ?"

"ಬಂದ್ರು."

"ಮೀನು ನೋಡದೇನೆ?"

"ಹೂಂ."

ಅಮ್ಮ ಒಳಗೆ ಹೋದಳು. ಮರುವಾರ ಪುಣೆಯ ವಿಳಾಸಕ್ಕೆ ಒಂದು ಡಬ್ಬಿ ಚಟ್ನಿಪುಡಿ, ಒಂದು ಕಟ್ಟು ರೊಟ್ಟಿ ಕೊರಿಯರಿನಲ್ಲಿ ಹೋಯಿತು. ಅದು ಈಗಲೂ ಎರಡು ತಿಂಗಳಿಗೊಮ್ಮೆ ಹೋಗುತ್ತದೆ.

2025ರ ಸೆಪ್ಟೆಂಬರಿನಲ್ಲಿ ಬ್ಯಾರನ್ ದ್ವೀಪ ಮತ್ತೆ ಬೆಂಕಿ ಉಗುಳಿದ ಸುದ್ದಿ ಟಿವಿಯಲ್ಲಿ ಬಂತು. ಅಮ್ಮ ಮಗಳಿಗೆ ಫೋನು ಮಾಡಿ, "ನಿನ್ನ ಬೆಟ್ಟ ಎದ್ದೈತಿ ನೋಡು" ಎಂದಳು. ಆ ದಸರೆಗೆ ತಂದೆತಾಯಿ ಬೆಂಗಳೂರಿಗೆ ಹೋಗಿ ಮಗಳನ್ನು ಕರೆದುಕೊಂಡು ಕಾರಿನಲ್ಲಿ ಮರಳುತ್ತಿದ್ದಾಗ, ಹಿರಿಯೂರು ದಾಟಿದ ಮೇಲೆ ಅವಳು ಹೆದ್ದಾರಿ ಬಿಟ್ಟು ಮರಡಿಹಳ್ಳಿಯ ಕಡೆಗೆ ತಿರುಗಿಸಿದಳು. ಚಿತ್ರದುರ್ಗ ಜಿಲ್ಲೆಯ ಈ ಹಳ್ಳಿಯ ಬಳಿ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುವ ಕಲ್ಲುಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಲಾವಾ ನೀರಿನೊಳಗೆ ಉಕ್ಕಿದಾಗ ಮಾತ್ರ ಹೊರಮೈ ಥಟ್ಟನೆ ತಣಿದು ಈ ಆಕಾರ ಬರುತ್ತದೆ. ವಯಸ್ಸು ಸುಮಾರು 250 ಕೋಟಿ ವರ್ಷ.

ಸುತ್ತ ಎಲ್ಲಿ ನೋಡಿದರೂ ಒಣ ಬಯಲು. ಅಪ್ಪ ಕಲ್ಲನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದ. ಅಮ್ಮ ಸೆರಗಿನಿಂದ ಧೂಳು ಒರೆಸಿ ಒಂದು ದಿಂಬುಗಲ್ಲಿನ ಮೇಲೆ ಕುಳಿತಳು.

"ಇಲ್ಲೂ ನೀರಿತ್ತಾ?"

"ಇತ್ತು. ಸಮುದ್ರಾನೇ ಇತ್ತು."

"ಎಷ್ಟು ಆಳ?"

ಅದು ತನಗೆ ಗೊತ್ತಿಲ್ಲ ಎಂದಳು ಮಗಳು. ಅಮ್ಮ ಚಪ್ಪಲಿ ಬಿಟ್ಟು ಅಂಗಾಲುಗಳನ್ನು ಬಿಸಿ ಕಲ್ಲಿನ ಮೇಲೆ ಇಟ್ಟುಕೊಂಡು, ಕಾರು ಹೊರಡುವವರೆಗೂ ಅಲ್ಲೇ ಕುಳಿತಿದ್ದಳು.