ಡಾಕ್ಟರಮ್ಮ ಪಾಠ ಕೇಳಿದ ಭಾನುವಾರ

ಮಲೆನಾಡಿನ ಆ ಸಣ್ಣ ಪೇಟೆಯಲ್ಲಿ ಡಾಕ್ಟರಮ್ಮ ಎಂದರೆ ಒಬ್ಬರೇ. ಮೂವತ್ತೆರಡು ವರ್ಷದಿಂದ ಬಸ್ ಸ್ಟ್ಯಾಂಡಿನ ಹಿಂದಿನ ಹೆಂಚಿನ ಮನೆಯ ಜಗಲಿಯಲ್ಲೇ ಅವರ ಕ್ಲಿನಿಕ್ಕು. ಭಾನುವಾರವೂ ಹನ್ನೊಂದರ ತನಕ ಬಾಗಿಲು ತೆರೆದಿರುತ್ತದೆ. ಆದ್ದರಿಂದ ಕಳೆದ ಮಳೆಗಾಲದ ಒಂದು ಭಾನುವಾರ ‘ಡಾಕ್ಟರು ಶಿವಮೊಗ್ಗಕ್ಕೆ ಹೋಗಿದ್ದಾರೆ’ ಎಂಬ ಚೀಟಿ ಬಾಗಿಲ ಮೇಲೆ ಕಂಡಾಗ, ಯಾರದೋ ಮದುವೆ ಇರಬೇಕು ಎಂದುಕೊಂಡು ಹಿಂದಿರುಗಿದವರೇ ಹೆಚ್ಚು. ಡಾಕ್ಟರು ಪಾಠ ಕೇಳಲು ಹೋಗಿದ್ದಾರೆಂದು ಯಾರು ತಾನೇ ಊಹಿಸಿಯಾರು? ಡಾಕ್ಟರೆಂದರೆ ಓದಿ ಮುಗಿಸಿದವರು ಎಂಬುದು ಊರಿನ ತಿಳಿವಳಿಕೆ.

ಓದು ಮುಗಿಯುವುದಿಲ್ಲವೆಂದು ನಿಯಮವೇ ಹೇಳುತ್ತದೆ. 2002ರ ವೈದ್ಯ ನೀತಿ ನಿಯಮಾವಳಿಯ ಪ್ರಕಾರ ವೈದ್ಯರಾದವರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಇಂಥ ಸಭೆಗಳಲ್ಲಿ ಕುಳಿತು ಹೊಸದನ್ನು ಕಲಿಯಬೇಕು. ವೈದ್ಯರ ಭಾಷೆಯಲ್ಲಿ ಇದಕ್ಕೆ ‘ಸಿಎಂಇ’ ಎಂದು ಹೆಸರು. ಡಾಕ್ಟರಮ್ಮನ ಲೆಕ್ಕದಲ್ಲಿ ಇನ್ನೂ ಹತ್ತು ಗಂಟೆ ಬಾಕಿಯಿತ್ತು. ಹೋಟೆಲಿನ ಹಾಲು, ಔಷಧ ಕಂಪನಿಯವರ ಪೆನ್ನು ಮತ್ತು ಚೀಲ, ಮಧ್ಯಾಹ್ನ ಎರಡು ಬಗೆ ಸಿಹಿಯಿರುವ ಊಟ, ಕೊನೆಯಲ್ಲಿ ಹಾಜರಿ ಪುಸ್ತಕಕ್ಕೆ ಸಹಿ. ಸಹಿ ಕೊನೆಯಲ್ಲಿ ಇರುವುದಕ್ಕೂ ಕಾರಣ ಉಂಟು. ಮೊದಲೇ ಹಾಕಿಸಿಕೊಂಡರೆ ಊಟದ ನಂತರ ಕುರ್ಚಿಗಳು ಮಾತ್ರ ಉಳಿಯುತ್ತವೆ.

ವಿಷಯ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಸಕ್ಕರೆ ಕಾಯಿಲೆಯೋ ಡೆಂಗಿ ಜ್ವರವೋ ಆಗಿದ್ದರೆ ಡಾಕ್ಟರಮ್ಮ ಉತ್ಸಾಹದಿಂದಲೇ ಹೋಗುತ್ತಿದ್ದರು. ಅವರು ಎಂಬಿಬಿಎಸ್ ಓದಿದ 1980ರ ದಶಕದಲ್ಲಿ ಭಾರತೀಯರ ಸರಾಸರಿ ಆಯುಸ್ಸು ಅರವತ್ತನ್ನೂ ಮುಟ್ಟಿರಲಿಲ್ಲ. ಮುಪ್ಪಿನ ಮರೆವು ಪರೀಕ್ಷೆಗೆ ಬರುವ ಪ್ರಶ್ನೆಯಾಗಿರಲಿಲ್ಲ. ಬಾರದ ಪ್ರಶ್ನೆಯನ್ನು ಯಾರು ಓದುತ್ತಾರೆ? ಆಮೇಲೆ ವೃತ್ತಿಗೆ ಇಳಿದ ಮೇಲೆ ಉಪಯೋಗಕ್ಕೆ ಬಂದದ್ದು ಪುಸ್ತಕವಲ್ಲ, ಗಾದೆ. ಅರವತ್ತಕ್ಕೆ ಅರಳು ಮರಳು. ಈ ಗಾದೆಯನ್ನು ಅವರು ಎಷ್ಟು ಮನೆಯವರಿಗೆ ಹೇಳಿ ಕಳಿಸಿದ್ದರೋ ಲೆಕ್ಕವಿಲ್ಲ.

ಪಾಠ ಹೇಳಲು ಬೆಂಗಳೂರಿನಿಂದ ಬಂದವರು ಮಗಳ ವಯಸ್ಸಿನ ಡಾಕ್ಟರು. ಮೈಕು ಹಿಡಿದವರೇ ಒಂದು ಪ್ರಶ್ನೆ ಕೇಳಿದರು. ‘ಈ ತಿಂಗಳು ಡಿಮೆನ್ಷಿಯಾ ರೋಗಿಯನ್ನು ನೋಡಿದವರು ಕೈ ಎತ್ತಿ.’ ಹಾಲಿನಲ್ಲಿ ಎರಡು ಕೈ ಎದ್ದವು. ‘ಅರವತ್ತು ದಾಟಿದ ರೋಗಿಯನ್ನು ನೋಡಿದವರು?’ ಎಲ್ಲ ಕೈಗಳೂ ಎದ್ದವು. ಆಕೆ ನಕ್ಕು ಲೆಕ್ಕ ಕೊಟ್ಟರು. ದೇಶದ ಹಿರಿಯರ ಬಗ್ಗೆ ನಡೆದ ದೊಡ್ಡ ಸಮೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಲ್ಲಿ ಅರವತ್ತು ದಾಟಿದ ಭಾರತೀಯರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಈ ಕಾಯಿಲೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಹದಿಮೂರು ಹದಿನಾಲ್ಕು ಮುದುಕರಲ್ಲಿ ಒಬ್ಬರು. ‘ನಿಮ್ಮ ಬೆಂಚಿನ ಮೇಲೆ ಕುಳಿತು ಹೋಗಿದ್ದಾರೆ ಸಾರ್. ಬಿಪಿ ನೋಡಿ ಕಳಿಸಿದ್ದೀರಿ.’

ಡಾಕ್ಟರಮ್ಮ ಪುಸ್ತಕ ತೆರೆದು ಬರೆದುಕೊಳ್ಳಲು ಶುರುಮಾಡಿದ್ದು ಆಗ.

ಪಾಠದಲ್ಲಿ ಆಲ್ಝೈಮರ್ ಎಂಬ ಜರ್ಮನ್ ವೈದ್ಯರ ಕಥೆಯೂ ಬಂತು. 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಬಂದ ಐವತ್ತೊಂದರ ಹೆಂಗಸು ಆಗುಸ್ಟ ಡೀಟರ್. ಆಲ್ಝೈಮರ್ ಆಕೆಯ ಎದುರು ಕುಳಿತು ಪ್ರಶ್ನೆ ಕೇಳುವರು, ಆಕೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳುವರು. ಆಕೆ 1906ರಲ್ಲಿ ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದೇ ವರ್ಷ ವೈದ್ಯರ ಸಭೆಯಲ್ಲಿ ವರದಿ ಮಾಡಿದರು. 1910ರಲ್ಲಿ ಕ್ರೇಪಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಆ ಕಾಯಿಲೆಗೆ ಆಲ್ಝೈಮರರ ಹೆಸರಿಟ್ಟರು. ಇದೆಲ್ಲ ಡಾಕ್ಟರಮ್ಮನಿಗೆ ಅಷ್ಟಿಷ್ಟು ಗೊತ್ತಿತ್ತು. ಗೊತ್ತಿಲ್ಲದ್ದು ಒಂದು: ಆಗುಸ್ಟಳ ಮನೆಯವರ ಕಣ್ಣಿಗೆ ಮೊದಲು ಬಿದ್ದ ಲಕ್ಷಣ ಮರೆವಲ್ಲ, ಗಂಡನ ಮೇಲೆ ಅನುಮಾನ. ಈ ಸಾಲಿನ ಕೆಳಗೆ ಅವರು ಗೆರೆ ಎಳೆದರು. ಏಕೆ ಎಳೆದೆನೆಂದು ಆಗ ಅವರಿಗೇ ತಿಳಿದಿರಲಿಲ್ಲ.

ಬಳಿಕ ಪರೀಕ್ಷೆಯ ವಿಧಾನ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪ್ರಶ್ನಾವಳಿಯೊಂದನ್ನು ಅಮೆರಿಕದವರು 1975ರಲ್ಲಿ ಮಾಡಿದರು. ತಾರೀಕು ಹೇಳಬೇಕು, ಒಂದು ವಾಕ್ಯ ಬರೆಯಬೇಕು, ‘ವರ್ಲ್ಡ್’ ಎಂಬ ಪದದ ಅಕ್ಷರಗಳನ್ನು ಹಿಂದಿನಿಂದ ಹೇಳಬೇಕು. ಅಡಿಕೆ ಸುಲಿಯುವ ಅಜ್ಜಿಗೆ ಇದನ್ನು ಕೇಳಿದರೆ ಆಕೆ ಜಾಣೆಯಾದರೂ ನಪಾಸು. ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಡಾ. ಮೇರಿ ಗಂಗೂಲಿ ಮತ್ತು ಸಂಗಡಿಗರು ಇದಕ್ಕೊಂದು ದಾರಿ ಹುಡುಕಿದರು. ಈಗ ಬೆಳಿಗ್ಗೆಯೋ ಸಂಜೆಯೋ ಎಂದು ಕೇಳಿ, ವಾರಗಳನ್ನು ಹಿಂದಿನಿಂದ ಹೇಳಿಸಿ, ಓದಿ ಮಾಡಬೇಕಾದ್ದನ್ನು ‘ನಾನು ಮಾಡಿದ ಹಾಗೆ ಮಾಡಿ’ ಎಂದು ನೋಡಿ ಮಾಡಿಸಿ. ಮನೆಯವರನ್ನು ಕೇಳಲು ಬೇರೆಯೇ ಒಂದು ಪಟ್ಟಿ: ಹಬ್ಬಗಳ ನೆನಪಿದೆಯೇ? ಮನೆಯ ಮದುವೆ ಮುಂಜಿಯ ಮಾತಿನಲ್ಲಿ ಅಭಿಪ್ರಾಯ ಹೇಳುತ್ತಾರೆಯೇ? ಊರಿನೊಳಗೇ ದಾರಿ ತಪ್ಪುತ್ತಾರೆಯೇ? ಈಗಷ್ಟೇ ಉಂಡದ್ದನ್ನು ಮರೆಯುತ್ತಾರೆಯೇ? ಇದು ಎಷ್ಟು ಸಾದಾ! ಅತ್ತೆ ಸೊಸೆಯರು ಬಾವಿಕಟ್ಟೆಯಲ್ಲಿ ಆಡುವ ಮಾತನ್ನೇ ವೈದ್ಯಶಾಸ್ತ್ರ ಪರೀಕ್ಷೆಯ ಪಟ್ಟಿಯನ್ನಾಗಿ ಮಾಡಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಹೊಸ ಪರೀಕ್ಷೆಗಳು ಕನ್ನಡದಲ್ಲೂ ಇವೆ. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಆರಂಭಿಸಿದ ಮೆದುಳು ಆರೋಗ್ಯ ಯೋಜನೆಯಲ್ಲಿ ತಲೆನೋವು, ಪಾರ್ಶ್ವವಾಯು, ಮೂರ್ಛೆರೋಗಗಳ ಜೊತೆಗೆ ಮರೆವಿನ ಕಾಯಿಲೆಯನ್ನೂ ಸೇರಿಸಿ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಡಲಾಯಿತು.

ಊಟಕ್ಕೆ ಮುಂಚಿನ ಕೊನೆಯ ಭಾಗ ಔಷಧಗಳದ್ದು. ಮರೆವಿನ ಕಾಯಿಲೆಗೆ ಕೊಡುವ ಔಷಧವಲ್ಲ, ಮರೆವನ್ನು ತರುವ ಔಷಧ. ನೆನಪಿನ ಕೆಲಸಕ್ಕೆ ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬೇಕು. ಅದನ್ನು ಅಡ್ಡಗಟ್ಟುವ ಮಾತ್ರೆಗಳು ದಿನಬಳಕೆಯವೇ. ನಿದ್ರೆಗೆ, ಪಾದದ ಉರಿಗೆ ಕೊಡುವ ಅಮಿಟ್ರಿಪ್ಟಿಲಿನ್. ಪದೇಪದೇ ಮೂತ್ರಕ್ಕೆ ಹೋಗುವವರಿಗೆ ಕೊಡುವ ಆಕ್ಸಿಬ್ಯುಟಿನಿನ್. ಇದರ ಮೇಲೆ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದ ಸಸ್ಯಾಹಾರಿಯಾದರೆ ಬಿ12 ಕೂಡ ತಗ್ಗಿರುತ್ತದೆ. ಥೈರಾಯ್ಡ್ ನೋಡಿ, ಖಿನ್ನತೆ ನೋಡಿ, ತಲೆಗೆ ಪೆಟ್ಟು ಬಿದ್ದು ರಕ್ತ ಕಟ್ಟಿದೆಯೇ ನೋಡಿ.

ಡಾಕ್ಟರಮ್ಮನ ಪೆನ್ನು ಅಲ್ಲಿಗೆ ನಿಂತಿತು. ಆ ಪಟ್ಟಿ ಪೂರ್ತಿ ಒಬ್ಬರೇ ಮನುಷ್ಯರ ಚೀಟಿಯಂತಿತ್ತು.

ಪೇಟೆಯ ಮೇಷ್ಟರು. ಎಪ್ಪತ್ತೆಂಟು ವರ್ಷ. ಅರ್ಧ ಊರಿಗೆ ಮಗ್ಗಿ ಕಲಿಸಿದವರು. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್. ಮೂರು ವರ್ಷದ ಹಿಂದೆ ಪಾದ ಉರಿ ಎಂದಾಗ ಅಮಿಟ್ರಿಪ್ಟಿಲಿನ್ ಬರೆದವರು ಡಾಕ್ಟರಮ್ಮನೇ. ಮೂತ್ರದ ಮಾತ್ರೆ ಬೆಂಗಳೂರಿನಲ್ಲಿ ಮಗಳ ಮನೆಗೆ ಹೋಗಿದ್ದಾಗ ಬೇರೆ ಯಾರೋ ಬರೆದದ್ದು. ಸೊಸೆ ಎರಡು ಸಲ ಕ್ಲಿನಿಕ್ಕಿಗೆ ಬಂದು, ‘ಮಾವನೋರು ಒಂದೇ ಮಾತು ಹತ್ತು ಸಲ ಕೇಳ್ತಾರೆ ಡಾಕ್ಟ್ರೇ, ಏನೋ ಸರಿಯಿಲ್ಲ’ ಎಂದಿದ್ದರು. ಮೇಷ್ಟರನ್ನು ಕೂರಿಸಿ ಮಾತಾಡಿಸಿದರೆ ಹತ್ತೊಂಬತ್ತರ ಮಗ್ಗಿ ತಡವರಿಸದೆ ಒಪ್ಪಿಸಿದ್ದರು. ಓದಿದವರಲ್ಲಿ ಕಾಯಿಲೆ ಬಹುಕಾಲ ಮಾತಿನ ಹಿಂದೆ ಅಡಗಿರುತ್ತದೆ ಎಂಬುದು ಡಾಕ್ಟರಮ್ಮನಿಗೆ ಆಗ ಹೊಳೆಯಲಿಲ್ಲ. ಸೊಸೆಯ ಕಡೆ ತಿರುಗಿ ಅದೇ ಗಾದೆಯನ್ನು ಹೇಳಿ ನಕ್ಕಿದ್ದರು. ಸೊಸೆ ನಕ್ಕಿರಲಿಲ್ಲ.

ಅಂದಿನ ಊಟದಲ್ಲಿ ಎರಡು ಬಗೆ ಸಿಹಿ ಇದ್ದವೋ ಇಲ್ಲವೋ ಡಾಕ್ಟರಮ್ಮ ನೋಡಲಿಲ್ಲ. ಸಹಿಗಾಗಿ ಸಂಜೆವರೆಗೆ ಕುಳಿತರು. ಆರು ಗಂಟೆ ಜಮೆಯಾಯಿತು.

ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆರೆಯುವ ಮೊದಲೇ ಅವರು ಮೇಷ್ಟರ ಮನೆಯಲ್ಲಿದ್ದರು. ಜಗಲಿಯಲ್ಲಿ ಕುಶಲ ವಿಚಾರಿಸಿ, ಕಾಫಿಯ ನೆಪದಲ್ಲಿ ಅಡುಗೆಮನೆಗೆ ಹೋಗಿ ಸೊಸೆಯ ಎದುರು ಮಣೆ ಹಾಕಿಕೊಂಡು ಕುಳಿತು, ಪಟ್ಟಿಯ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದರು. ಉಂಡದ್ದನ್ನು ಮರೆಯುತ್ತಾರೆಯೇ ಎಂಬಲ್ಲಿಗೆ ಬಂದಾಗ ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಒಂದು ವರ್ಷದಿಂದ ಮೇಷ್ಟರು ಉಂಡು ಎದ್ದ ಅರ್ಧ ಗಂಟೆಗೆ ಪಕ್ಕದ ಮನೆಗೆ ಹೋಗಿ ‘ನನ್ನ ಸೊಸೆ ಊಟ ಹಾಕಲಿಲ್ಲ’ ಎನ್ನುತ್ತಿದ್ದರು. ಪಿಂಚಣಿ ದುಡ್ಡನ್ನು ಹಾಸಿಗೆಯ ಕೆಳಗೆ ಇಟ್ಟು ಮರೆತು, ಸೊಸೆ ಕದ್ದಳು ಎಂದಿದ್ದರು. ಬೆಂಗಳೂರಿನ ಮಗಳಿಗೆ ಫೋನಿನಲ್ಲಿ ಇದನ್ನೇ ಹೇಳಿದ್ದರು. ಫೋನಿನಲ್ಲಿ ಮೇಷ್ಟರ ಮಾತು ಸ್ಪಷ್ಟ, ಸ್ವರ ಗಟ್ಟಿ. ಮಗಳು ನಂಬದೆ ಇರುವುದು ಹೇಗೆ? ಅತ್ತಿಗೆ ನಾದಿನಿಯರ ಮಾತು ನಿಂತು ಎಂಟು ತಿಂಗಳಾಗಿತ್ತು. ಗಂಡ ಯಾರ ಪಕ್ಷವನ್ನೂ ವಹಿಸದೆ ತೋಟಕ್ಕೆ ಹೋಗಿಬಿಡುತ್ತಿದ್ದ. ‘ನಿಮ್ಮ ಹತ್ರ ಬಂದಾಗ ಇದನ್ನೆಲ್ಲ ಹೇಳೋಣ ಅಂತಿದ್ದೆ. ನೀವು ನಕ್ಕುಬಿಟ್ರಿ ಡಾಕ್ಟ್ರೇ.’

ಡಾಕ್ಟರಮ್ಮ ಏನೂ ಹೇಳದೆ ಕಾಫಿ ಲೋಟವನ್ನು ಕೆಳಗಿಟ್ಟರು. ತಪ್ಪಾಯಿತು ಎಂಬ ಮಾತನ್ನು ಹೊರಗೆ ತರಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆದರೆ ಹೇಳಿದರು. ಮೂವತ್ತೆರಡು ವರ್ಷದಲ್ಲಿ ರೋಗಿಯ ಮನೆಯವರಿಗೆ ಆ ಮಾತು ಹೇಳಿದ್ದು ಅದೇ ಮೊದಲು.

ಅಂದೇ ರಕ್ತ ಪರೀಕ್ಷೆಗೆ ಕಳಿಸಿದರು. ಥೈರಾಯ್ಡ್ ಸರಿಯಿತ್ತು, ಬಿ12 ಇರಬೇಕಾದ್ದಕ್ಕಿಂತ ಬಹಳ ಕೆಳಗಿತ್ತು. ಇಂಜೆಕ್ಷನ್ ಶುರುವಾಯಿತು. ಅಮಿಟ್ರಿಪ್ಟಿಲಿನ್ನನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸಿದರು. ಮೂತ್ರದ ಮಾತ್ರೆ ಬರೆದವರಿಗೆ ಫೋನು ಮಾಡಿ, ಮಾತಾಡಿ, ಅದನ್ನೂ ಬಿಡಿಸಿದರು. ಶಿವಮೊಗ್ಗದಲ್ಲಿ ತಲೆಯ ಸ್ಕ್ಯಾನ್ ಆಯಿತು, ರಕ್ತ ಕಟ್ಟಿರಲಿಲ್ಲ. ಮೊದಲ ದಿನ ವಾರಗಳನ್ನು ಹಿಂದಿನಿಂದ ಹೇಳಿ ಎಂದಾಗ ಮೇಷ್ಟರು ‘ಭಾನುವಾರ, ಶನಿವಾರ, ಭಾನುವಾರ’ ಎಂದು ಅಲ್ಲೇ ತಿರುಗುತ್ತಿದ್ದರು.

ಆರು ವಾರದ ಮೇಲೆ ಮುಖದಲ್ಲಿ ಕಳೆ ಬಂತು. ಹಗಲು ತೂಕಡಿಸುವುದು ನಿಂತಿತು. ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತಂದರು. ಡಾಕ್ಟರಮ್ಮನಿಗೆ ಒಳಗೊಳಗೇ ಆಸೆ. ಪಾಠದಲ್ಲಿ ಹೇಳಿದ ಆ ಕೆಲವು ಅದೃಷ್ಟವಂತರಲ್ಲಿ ಮೇಷ್ಟರೂ ಒಬ್ಬರಿರಬಹುದೇ? ಮತ್ತೆ ವಾರ ಕೇಳಿದರು. ‘ಭಾನುವಾರ, ಶನಿವಾರ, ಶುಕ್ರವಾರ, ಗುರುವಾರ, ಬುಧವಾರ...’ ಮೇಷ್ಟರು ನಿಂತರು. ಕಿಟಕಿಯ ಆಚೆ ನೋಡಿದರು. ‘ಮುಂದಿನದು ನೀನೇ ಹೇಳಮ್ಮ’ ಎಂದರು, ತರಗತಿಯಲ್ಲಿ ಹುಡುಗಿಯೊಬ್ಬಳನ್ನು ಎಬ್ಬಿಸಿ ನಿಲ್ಲಿಸಿದ ಹಾಗೆ.

ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸಿದರು. ಎರಡು ದಿನದ ಪರೀಕ್ಷೆಯ ನಂತರ ಬಂದ ಕಾಗದದಲ್ಲಿ ಇದ್ದದ್ದು ಆಲ್ಝೈಮರ್ ಕಾಯಿಲೆ. ಮಾತ್ರೆ ಮತ್ತು ಬಿ12 ಸೇರಿ ಕವಿದಿದ್ದ ಮಂಜು ಸರಿದಿತ್ತು. ಮಂಜಿನ ಹಿಂದೆ ಇದು ಇತ್ತು. ಡೊನೆಪೆಜಿಲ್ ಎಂಬ ಮಾತ್ರೆ ಬರೆದಿದ್ದರು. ಮೆದುಳಿನಲ್ಲಿ ಅದೇ ಅಸಿಟೈಲ್‌ಕೋಲಿನ್ನನ್ನು ಹೆಚ್ಚಿಸುವ ಔಷಧ ಅದು. ಕಾಯಿಲೆಯನ್ನು ವಾಸಿಮಾಡುವುದಿಲ್ಲ, ದಿನಗಳನ್ನು ಸ್ವಲ್ಪ ಹಸನುಮಾಡಬಹುದು. ಮೂರು ವರ್ಷ ಅದಕ್ಕೆ ವಿರುದ್ಧವಾದ ಮಾತ್ರೆಯನ್ನು ತನ್ನ ಕೈಯಾರೆ ಕೊಟ್ಟಿದ್ದನ್ನು ಡಾಕ್ಟರಮ್ಮ ಮೇಷ್ಟರ ಚೀಟಿಯಲ್ಲೇ ಕೆಂಪು ಶಾಯಿಯಲ್ಲಿ ಬರೆದಿಟ್ಟರು.

ಅವರು ಮಾಡಿದ ಇನ್ನೊಂದು ಕೆಲಸ ಬೆಂಗಳೂರಿನ ಮಗಳಿಗೆ ಫೋನು ಮಾಡಿದ್ದು. ಮಾತು ನಲವತ್ತು ನಿಮಿಷ ನಡೆಯಿತು. ಅಪ್ಪ ಸುಳ್ಳು ಹೇಳುತ್ತಿಲ್ಲ, ಅತ್ತಿಗೆ ಊಟ ಹಾಕುತ್ತಿದ್ದಾಳೆ, ಎರಡೂ ನಿಜ ಎಂಬುದನ್ನು ಆಕೆಗೆ ಒಪ್ಪಿಸುವುದು ಸುಲಭವಾಗಲಿಲ್ಲ. ಕೊನೆಗೆ ಆಕೆ ‘ನೋಡೋಣ’ ಎಂದಳಂತೆ. ಫೋನಿಟ್ಟ ಮೇಲೆ ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಅಂದಿನಿಂದ ಕ್ಲಿನಿಕ್ಕಿನ ಚೀಟಿಯಲ್ಲಿ ಬಿಪಿ, ಸಕ್ಕರೆಗಳ ಕೆಳಗೆ ಹೊಸ ಸಾಲೊಂದು ಬಂದಿದೆ: ಮನೆಯವರು ಏನು ಹೇಳಿದರು. ಇದರಿಂದ ಸರದಿ ನಿಧಾನವಾಗಿದೆ, ಕಾಂಪೌಂಡರ್ ಗೊಣಗುತ್ತಾನೆ.

ದೀಪಾವಳಿಗೆ ಮಗಳು ಬಂದಳು. ಹಬ್ಬದ ಮಧ್ಯಾಹ್ನ ಅಪ್ಪನ ಪಕ್ಕದ ಎಲೆಯಲ್ಲೇ ಕುಳಿತು ಉಂಡಳು. ಮೇಷ್ಟರು ಹೋಳಿಗೆ ಎರಡು ಸಲ ಹಾಕಿಸಿಕೊಂಡರು, ಚೆನ್ನಾಗಿದೆ ಎಂದರು. ಕೈ ತೊಳೆದು ಜಗಲಿಗೆ ಬಂದು, ಕಂಬಕ್ಕೆ ಒರಗಿ, ಮಗಳನ್ನು ಹತ್ತಿರ ಕರೆದು ಪಿಸುದನಿಯಲ್ಲಿ ಹೇಳಿದರು: ‘ಹಬ್ಬದ ದಿನವೂ ಈ ಮನೇಲಿ ನನಗೆ ಎಲೆ ಹಾಕಲಿಲ್ಲ ಕಣೇ.’

ಅವರ ಬಿಳಿ ಪಂಚೆಯ ಮೇಲೆ ತುಪ್ಪದ ಕಲೆ ಇನ್ನೂ ಒದ್ದೆಯಾಗಿತ್ತು. ಮಗಳು ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ಕುಳಿತಳು. ಒಳಗೆ ಅತ್ತಿಗೆ ಒಬ್ಬಳೇ ಎಲೆ ಎತ್ತುತ್ತಿದ್ದಳು. ಮಗಳು ಎದ್ದು ಒಳಗೆ ಹೋಗಿ, ಮಾತಾಡದೆ, ಆಚೆ ತುದಿಯಿಂದ ಎಲೆ ಎತ್ತತೊಡಗಿದಳು.