ಎಡಗಿವಿಯ ಪರೀಕ್ಷೆ

ಗಜೇಂದ್ರಗಡದ ನೇಕಾರ ಓಣಿಯ ಒಬ್ಬ ವೃದ್ಧರಿಗೆ ಸಾಯಂಕಾಲ ಭೀಮಸೇನ ಜೋಶಿಯವರ ದಾಸವಾಣಿಯನ್ನು ಕೇಳದಿದ್ದರೆ ಉಂಡ ಅನ್ನ ಮೈಗೆ ಹತ್ತುವದಿಲ್ಲ. 1922ರಲ್ಲಿ ಇದೇ ಸೀಮೆಯಲ್ಲಿ ಹುಟ್ಟಿ, ಬಾಲ್ಯದಲ್ಲಿ ಅಬ್ದುಲ್ ಕರೀಮಖಾನರ ಗ್ರಾಮಫೋನ್ ತಟ್ಟೆಯನ್ನು ಕೇಳಿ, ಮನೆಬಿಟ್ಟು ಗುರುವನ್ನರಸಿ ಹೊರಟವರು ಜೋಶಿಯವರು. ಆ ಕಾಲದ ಗ್ರಾಮಫೋನಿಗೆ ಧ್ವನಿಯನ್ನು ಏರಿಳಿಸುವ ಗುಂಡಿ ಇರಲಿಲ್ಲ. ಮೆಲ್ಲಗೆ ಬೇಕೆಂದವರು ಮುಳ್ಳನ್ನೇ ಬದಲಿಸುತ್ತಿದ್ದರು. ಈಗ ಅಂಗೈಯಗಲದ ಯಂತ್ರದಲ್ಲಿ ಸಕಲವೂ ಇದ್ದು, ವೃದ್ಧರ ಹೆಡ್‌ಫೋನಿನಲ್ಲಿ ಹಾಡು ಮಾತ್ರ ದಿನೇ ದಿನೇ ಕ್ಷೀಣಿಸುತ್ತ ಬಂದಿತು.

"ಫೋನಿಗೂ ಮುಪ್ಪು ಬಂದೈತಿ" ಎಂದು ಅವರು ಹೊಸದನ್ನು ಕೊಳ್ಳಲು ಸಿದ್ಧರಾದರು.

ರಜೆಗೆ ಬಂದ ಮೊಮ್ಮಗಳು "ತಡಿ ಅಜ್ಜಾ" ಎಂದು ಮೊದಲು ಸೆಟ್ಟಿಂಗ್ಸಿನಲ್ಲಿ ಧ್ವನಿಯ ಮಿತಿಯನ್ನೂ, ಎಡಬಲಗಳ ಸಮತೋಲವನ್ನೂ ನೋಡಿದಳು. ಅಲ್ಲಿ ದೋಷವಿರಲಿಲ್ಲ. ಬಳಿಕ ಹೆಡ್‌ಫೋನಿನ ಜಾಲರಿಯನ್ನು ಒಣ ಬ್ರಷ್ಷಿನಿಂದ ತಿಕ್ಕಲು ಎರೆಮಣ್ಣಿನ ಧೂಳೂ ಹತ್ತಿಯ ನವಿರೂ ಉದುರಿದವು. ಬಲಗಿವಿಯಲ್ಲಿ ಹಾಡು ಒಮ್ಮೆಲೆ ಅರಳಿತು. ಎಡಗಿವಿಯಲ್ಲಿ ಹಾಗೆಯೇ ಉಳಿಯಿತು. ಆಗ ಅವಳು ಎಡದ್ದನ್ನು ಬಲಕ್ಕೂ, ಬಲದ್ದನ್ನು ಎಡಕ್ಕೂ ಇಟ್ಟಳು. ಯಂತ್ರದ ದೋಷವಾದರೆ ಅದು ಯಂತ್ರದೊಡನೆ ಈಚೆಗೆ ಬರತಕ್ಕದ್ದು. ಬರಲಿಲ್ಲ, ಎಡಗಿವಿಯಲ್ಲಿಯೇ ನಿಂತಿತು. ನ್ಯಾಯಶಾಸ್ತ್ರದ ಅನ್ವಯ-ವ್ಯತಿರೇಕವನ್ನು ಓದದ ಹುಡುಗಿಯು ಅದನ್ನು ಇಷ್ಟು ಸುಲಭವಾಗಿ ಮಾಡಿ ತೋರಿಸಿದಳು! ವೃದ್ಧರು ಮಾತಾಡಲಿಲ್ಲ. ಆರು ತಿಂಗಳಿಂದ ಮನೆಯವರ ಅರ್ಧ ಮಾತಿಗೆ ಸುಮ್ಮನೆ ತಲೆಯಾಡಿಸುತ್ತಿದ್ದುದು ಅವರಿಗೊಬ್ಬರಿಗೇ ಗೊತ್ತಿತ್ತು.

ಗದಗದಲ್ಲಿ ವೈದ್ಯರು ಎಡಗಿವಿಯ ಗುಗ್ಗೆಯನ್ನು ತೆಗೆದರು. ಅದು ಬಲಗಿವಿಯ ಸಮಕ್ಕೆ ಬಂದಿತು. ಆದರೆ ಪರೀಕ್ಷಿಸಲಾಗಿ, ಎರಡೂ ಕಿವಿಗಳಲ್ಲಿ ತಾರಧ್ವನಿಗಳು ಕುಂದಿದ್ದವು. ಇದು ನಲವತ್ತು ವರುಷದ ವಿದ್ಯುತ್ ಮಗ್ಗದ ಕಾಣಿಕೆ. ದೊಡ್ಡ ಸದ್ದಿಗೆ ಸತ್ತ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಮತ್ತೆ ಹುಟ್ಟುವದಿಲ್ಲ. ಆದುದರಿಂದ ಷಡ್ಜ ಪಂಚಮಗಳು ಕೇಳಿಸುತ್ತವೆ. ಸಕಾರ, ಶಕಾರ, ತಕಾರಗಳು ಜಾರಿಹೋಗುತ್ತವೆ. ರಾಗವುಳಿದು ಸಾಹಿತ್ಯವು ಮಸುಕಾದಂತೆ. ಹೀಗಿರಲು ಧ್ವನಿಯನ್ನು ಏರಿಸುತ್ತ ಹೋದರೆ ಉಳಿದುದಕ್ಕೂ ಕುತ್ತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ 4 ಗಂಟೆ ಮಾತ್ರ. ಹತ್ತೇ ಅಂಕಿ ಹೆಚ್ಚಿದುದಕ್ಕೆ ಇಷ್ಟು ದಂಡವೇ ಎಂದು ಕೇಳುವವರು ಡೆಸಿಬಲ್ಲಿನ ಗಣಿತವು ಕೂಡಿಕೆಯದಲ್ಲ, ಗುಣಾಕಾರದ್ದೆಂಬದನ್ನು ನೆನೆಯಬೇಕು.

ಹೊಸ ಫೋನಿನ ಹಣವು ಶ್ರವಣಯಂತ್ರಕ್ಕೆ ಹೋಯಿತು. ಮನೆಯ ಮಗ್ಗದಲ್ಲಿ ಈಗ ಮೊಮ್ಮಗನು ಕೂಡುತ್ತಾನೆ. ವೃದ್ಧರು ಔಷಧದ ಅಂಗಡಿಯಿಂದ ಒಂದು ಜೊತೆ ಕಿವಿಬಿರಡೆಗಳನ್ನು ತಂದು, ಮಗ್ಗದ ಬಳಿಯ ಗೂಟಕ್ಕೆ ತೂಗಹಾಕಿದ್ದಾರೆ. ಅವನು ಅವುಗಳನ್ನು ಕಿವಿಗಿಟ್ಟುಕೊಳ್ಳುವವರೆಗೆ ಬೆಳಿಗ್ಗೆ ಬಾಗಿಲಲ್ಲಿಯೇ ನಿಂತಿರುತ್ತಾರೆ.