ಚಂಚಿಯೊಳಗಿನ ಹಸಿವು

ನಮ್ಮ ಕೇರಿಯ ಹೆಂಗಸರ ಕೈಯಲ್ಲಿ ಸಿಗರೇಟು ಕಂಡವರಿಲ್ಲ. ಬಸುರಿ ಸಿಗರೇಟು ಸೇದಬಾರದು ಎಂಬ ಗೋಡೆಯ ಚಿತ್ರ ನೋಡಿ ಅವರು ನಗುತ್ತಾರೆ. ಆದರೆ ಅವರ ಸೊಂಟದಲ್ಲಿ ಚಂಚಿ ಇದೆ. ಅದರಲ್ಲಿ ಎಲಿ, ಅಡಕಿ, ಸುಣ್ಣ, ತಳದಲ್ಲಿ ತಂಬಾಕು. ಕುಬುಸದ ದಿನ ಉಡಿಗೆ ಬೀಳುವ ಎಲಿ ಅಡಕಿ ಶುಭ. ಕೂಲಿಯ ದಿನ ಅದಕ್ಕೆ ತಂಬಾಕು ಸೇರಿದರೆ ಅದು ಊಟ.

ನನ್ನವ್ವ ಐದು ಹೆತ್ತಳು. ಮುಂಡರಗಿ ಕಡೆ ಉಳ್ಳಾಗಡ್ಡಿ ಹೊಲದ ಕಳೆ ತೆಗೆಯುವಾಗ, ಲಕ್ಷ್ಮೇಶ್ವರದ ಸೀಮೆಯಲ್ಲಿ ಶೇಂಗಾ ಕೀಳುವಾಗ, ಐದೂ ಬಸುರಿನಲ್ಲಿ ಅವಳ ದವಡೆಯಲ್ಲಿ ತಂಬಾಕಿತ್ತು. ಬಿ.ಎ. ಓದಿದ ಸೊಕ್ಕಿನಲ್ಲಿ ಯಾಕೆ ಎಂದು ಕೇಳಿದೆ. “ಒಂದ್ ಚಿಟಿಕಿ ಹಾಕ್ಕೊಂಡ್ರ ಹೊಟ್ಟಿ ಸುಮ್ಮನಿರತೈತೋ. ಇದ್ದದ್ದು ಎರಡು ರೊಟ್ಟಿ. ಸಂಜೀ ತನಕ ಬಗ್ಗಬೇಕಿತ್ತು” ಅಂದಳು. ಇದನ್ನು ಚಟ ಅನ್ನಬೇಕೋ, ಲೆಕ್ಕ ಅನ್ನಬೇಕೋ?

ನಾಲ್ಕನೆಯ ಕೂಸು ಅಂಗೈಯಷ್ಟಿತ್ತು. ಹನ್ನೊಂದನೆಯ ದಿನ ಹೋಯಿತು. ತಂಬಾಕೇ ಕೊಂದಿತು ಎಂದು ನಾನು ಹೇಳಲಾರೆ. ಹಸಿವು, ರಕ್ತವಿಲ್ಲದ ಮೈ, ತಲೆಯ ಮೇಲಿನ ಹೊರೆ ಎಲ್ಲವೂ ಅದೇ ಬಸುರಿನಲ್ಲಿದ್ದವು.

ತಂಬಾಕು ನಿರಪರಾಧಿ ಎಂದೂ ನಾನು ಹೇಳುತ್ತಿಲ್ಲ. ಅದರ ನಿಕೋಟಿನ್ ರಕ್ತನಾಳಗಳನ್ನು ಬಿಗಿಯುತ್ತದೆ. ಮಾಸಿನ ಮೂಲಕ ಕೂಸಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಸೇದಿದರೂ ಅಷ್ಟೆ, ಜಗಿದರೂ ಅಷ್ಟೆ. ಎರಡೂವರೆ ಕಿಲೋ ತೂಗದ ಕೂಸು, ದಿನ ತುಂಬದ ಹೆರಿಗೆ, ಸತ್ತು ಹುಟ್ಟುವ ಕೂಸು ಇವು ಅದರ ಫಲ. ಸೆರೆಯಂತೂ ಮಾಸನ್ನು ದಾಟಿ ಕೂಸಿನ ಮೆದುಳನ್ನೇ ಮುಟ್ಟುತ್ತದೆ. ಬಸುರಿಗೆ ಇಷ್ಟು ಕುಡಿದರೆ ಅಡ್ಡಿಯಿಲ್ಲ ಎಂಬ ಅಳತೆಯೇ ಇಲ್ಲ. ಮೈನೋವಿಗೆಂದು ಒಂದು ಗುಟುಕು ಹಾಕುವ ಹೆಂಗಸರೂ ನಮ್ಮಲ್ಲಿದ್ದಾರೆ, ಮುಚ್ಚಿಡುವುದೇಕೆ?

2004-05ರಲ್ಲಿ ಒಂಬತ್ತು ಅಭಿವೃದ್ಧಿಶೀಲ ದೇಶಗಳ ಸುಮಾರು 8,000 ಬಸುರಿಯರನ್ನು ಕೇಳಿ ಒಂದು ಸಮೀಕ್ಷೆ ನಡೆಯಿತು. ನಮ್ಮ ಕರ್ನಾಟಕದವರೂ ಅದರಲ್ಲಿದ್ದರು. ಉರುಗ್ವೆಯ ಬಸುರಿಯರಲ್ಲಿ ಸಿಗರೇಟು ಹೆಚ್ಚು. ಒಡಿಶಾದಲ್ಲಿ ಮೂವರಲ್ಲಿ ಒಬ್ಬಳ ಬಾಯಲ್ಲಿ ಹೊಗೆಯಿಲ್ಲದ ತಂಬಾಕು. ಪಾಕಿಸ್ತಾನದಲ್ಲಿ ಅರ್ಧದಷ್ಟು ಬಸುರಿಯರು ತಾವು ಸೇದದೆಯೂ ಮನೆಯವರ ಹೊಗೆ ನುಂಗುತ್ತಿದ್ದರು. ಬೆಟಗೇರಿಯ ಇಕ್ಕಟ್ಟು ಮನೆಯಲ್ಲಿ ಗಂಡ ಬೀಡಿ ಹಚ್ಚಿದರೆ ಮಗ್ಗದ ಪಕ್ಕ ಕಂಡಿಕೆ ಸುತ್ತುವವಳು ಎಲ್ಲಿಗೆ ಎದ್ದು ಹೋಗಬೇಕು?

ಗಂಡ ಕುಡಿದದ್ದೂ ಬಸುರಿಗೆ ತಟ್ಟುತ್ತದೆ. 2007ರ ಜುಲೈಯಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಸಾರಾಯಿಯ ಜಾಗಕ್ಕೆ ವಿಸ್ಕಿಯ ಪಾಕೀಟು ಬಂತು. ಅವನ ಕೂಲಿ ಅಂಗಡಿಗೆ ಹೋದ ದಿನ ಇವಳ ಗಂಗಾಳ ಬರಿದು. ಗಂಗಾಳ ಬರಿದಾದಾಗ ಕೈ ಚಂಚಿಗೆ ಹೋಗುತ್ತದೆ.

ನನ್ನ ಅಕ್ಕ ಏಳು ತಿಂಗಳ ಬಸುರಿ ಇದ್ದಾಗ ಒಂದು ದವಾಖಾನೆಗೆ ಹೋದಳು. ಕೆಂಪು ಹಲ್ಲು ನೋಡಿ ಅಲ್ಲಿನವರು “ನಿಮ್ಮಂಥವರಿಗೆ ಎಷ್ಟು ಹೇಳಿದ್ರೂ ಅಷ್ಟೇ” ಅಂದರು. ಅಕ್ಕ ತಂಬಾಕು ಬಿಡಲಿಲ್ಲ, ದವಾಖಾನೆ ಬಿಟ್ಟಳು. ಆ ಬೈಗುಳದಿಂದ ಯಾವ ಕೂಸಿನ ತೂಕ ಹೆಚ್ಚಿತು?

2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ರಾಜ್ಯದಲ್ಲೆಲ್ಲ ಬಂತು. ಬಸುರಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ. ಒಳ್ಳೆಯ ಕೆಲಸವೇ. ಆದರೆ ಮಧ್ಯಾಹ್ನ ನಮ್ಮವಳು ಹೊಲದಲ್ಲಿರುತ್ತಾಳೆ. ಉಣ್ಣಲು ಬಂದರೆ ಅರ್ಧ ದಿನದ ಪಗಾರ ಹೋಗುತ್ತದೆ. ಅದೇ ವರ್ಷ ಪಗಾರಿ ಹೆಂಗಸರ ಹೆರಿಗೆ ರಜೆ 26 ವಾರಕ್ಕೆ ಏರಿತು. ಕಳೆ ತೆಗೆಯುವವಳಿಗೆ, ಶಿರಹಟ್ಟಿಯ ತಾಂಡಾದಿಂದ ಗೋವಾಕ್ಕೆ ದುಡಿಯಲು ಹೋಗುವವಳಿಗೆ ಎಷ್ಟು ವಾರ?

ತಂಬಾಕು ಬಿಡಿ ಎಂದು ನಾನೂ ಹೇಳುತ್ತೇನೆ, ಮನೆಯಲ್ಲಿ ಜಗಳವನ್ನೂ ಆಡುತ್ತೇನೆ. ಆದರೆ ಬರಿಗೈಯಲ್ಲಿ ಹೋಗಿ ಹೇಳುವ ಮಾತಲ್ಲ ಅದು. ಊಟ ಹೊಲದ ಬದುವಿಗೆ ಬರಲಿ. ದಿನ ತುಂಬುತ್ತಿರುವವಳು ಮನೆಯಲ್ಲಿ ಕುಳಿತರೂ ಕೂಲಿ ಸಿಗಲಿ. ಗಂಡಸರು ಬೀಡಿ ಹಿಡಿದು ಹೊರಗೆ ಹೋಗಲಿ, ಕೂಲಿ ಹಿಡಿದು ಒಳಗೆ ಬರಲಿ. ಇಷ್ಟಾದ ಮೇಲೆ ಅವಳನ್ನು ಕೇಳಿ: ತಂಗೀ, ಈ ಚಂಚಿ ಇನ್ನೂ ಬೇಕೇನು?